ಕೊನೆ ಗಳಿಗೆಯ ನಾಟಕಕಾರ್ತಿ

ಬಾನುಲಿ ನಾಟಕಕ್ಕೆ ಬಣ್ಣವಿಲ್ಲ, ಪರದೆಯಿಲ್ಲ. ಇರುವುದೆಲ್ಲ ಮಾತು ಮತ್ತು ಸದ್ದು. ಆ ಮಾತನ್ನು ಮೂರು ದಶಕಗಳ ಕಾಲ ಒಪ್ಪವಾಗಿ ಬರೆದುಕೊಟ್ಟು ಇದೀಗ ನಿವೃತ್ತರಾಗುತ್ತಿರುವ ನಮ್ಮ ಕೇಂದ್ರದ ನಾಟಕಕಾರ್ತಿ ಎಲ್ಲರಿಗೂ ‘ಅಕ್ಕ’. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಹಸ್ತಪ್ರತಿ ಕೈಸೇರುವ ವೇಳೆಯ ಬಗ್ಗೆ ಮಾತ್ರ ನೂರು ಮಾತುಗಳಿವೆ.

ಸೇವೆಗೆ ಸೇರಿದ ವರ್ಷವೇ ಅವರು ನಿರ್ಮಾಪಕರ ನೆಮ್ಮದಿ ಕೆಡಿಸಿದರು. ಧ್ವನಿಮುದ್ರಣದ ಹಿಂದಿನ ದಿನದವರೆಗೂ ಕ್ಯಾಂಟೀನಿನಲ್ಲಿ ಕುಳಿತು ಕಲಾವಿದರ ಹರಟೆ ಕೇಳುವರು. ವಿಚಾರಿಸಿದರೆ, “ಇನ್ನೂ ಟೈಮಿದೆಯಲ್ಲ ಸಾರ್” ಎನ್ನುವರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರೆಂದು ನಾವೂ ಆಡಿಕೊಂಡೆವು. ಆದರೆ ತೋಡಿದ ಬಾವಿಯಲ್ಲಿ ಪ್ರತಿಸಲವೂ ಸಿಹಿನೀರೇ ಬರುತ್ತಿತ್ತು. ಬರೆದುದನ್ನು ಸ್ಟುಡಿಯೋದಲ್ಲಿ ಬಾಗಿಲು, ಗಾಳಿ, ಹೆಜ್ಜೆಗಳ ಸದ್ದು ಹುಟ್ಟಿಸುವ ಸಹೋದ್ಯೋಗಿಯೆದುರು ಗಟ್ಟಿಯಾಗಿ ಓದುವರು. ಆತ ಬೇಸತ್ತು ಗಡಿಯಾರ ನೋಡಿದಲ್ಲೆಲ್ಲ ಅಕ್ಕ ನಿರ್ದಾಕ್ಷಿಣ್ಯವಾಗಿ ಕತ್ತರಿ ಹಾಕುವರು.

ಒಮ್ಮೆ ತಂದೆಯ ಪಾತ್ರಕ್ಕೆ ಗೊತ್ತುಮಾಡಿದ್ದ ಹಿರಿಯ ನಟರು ಗಂಟಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು, ಧ್ವನಿಮುದ್ರಣದ ಮುನ್ನಾದಿನ ಬಂದರು. ಉಳಿದಿದ್ದುದು ಬರೀ ಪಿಸುದನಿ. ದನಿಯನ್ನೇ ನಂಬಿ ಬದುಕಿದವರು. ಇಂದು ವಾಪಸು ಹೋದರೆ ಮತ್ತೆ ಯಾರೂ ಕರೆಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಿರ್ಮಾಪಕರು ಅಕ್ಕನನ್ನು ಪಕ್ಕಕ್ಕೆ ಕರೆದು, “ಬೇರೆಯವರನ್ನ ಕರೆಸ್ತೀನಿ. ನೀವು ಸ್ಕ್ರಿಪ್ಟ್ ಕೊಡಿ” ಎಂದರು.

“ಒಂದು ಸಾಲೂ ಬರ್ದಿಲ್ಲ ಸಾರ್. ಬರ್ದೇ ಇದ್ದಿದ್ದು ಒಳ್ಳೇದಾಯ್ತು. ಅಪ್ಪನ ಪಾತ್ರ ಇವರೇ ಮಾಡ್ಲಿ.”

ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಸಂಜೆಯೊಳಗೆ ನಾಟಕ ಸಿದ್ಧವಾಯಿತು. ಜಗಳವಾಡಿ ಮನೆಬಿಟ್ಟಿದ್ದ ಮಗಳು ವರ್ಷಗಳ ನಂತರ ಮಗುವಿನೊಡನೆ ತವರಿಗೆ ಬಂದಿದ್ದಾಳೆ. ಮಗು ಅಜ್ಜನ ತೊಡೆಯ ಮೇಲೆ ಆಗಷ್ಟೇ ನಿದ್ದೆಹೋಗಿದೆ. ಹಳೆಯ ಜಗಳ ಇನ್ನೂ ಮುಗಿದಿಲ್ಲ, ಮಗುವನ್ನು ಎಬ್ಬಿಸುವಂತಿಲ್ಲ. ಅಪ್ಪ-ಮಗಳು ಪಿಸುಗುಟ್ಟಿಕೊಂಡೇ ಬೈದಾಡುತ್ತಾರೆ, ಪಿಸುಗುಟ್ಟಿಕೊಂಡೇ ಅಳುತ್ತಾರೆ, ಒಂದಾಗುತ್ತಾರೆ. ಕೇಳಿದವರಲ್ಲಿ ಒಬ್ಬರಿಗೂ ಅದು ಕಾಯಿಲೆಯ ದನಿಯೆನಿಸಲಿಲ್ಲ.

ಧ್ವನಿಮುದ್ರಣ ಮುಗಿಸಿ ಸ್ಟುಡಿಯೋದಿಂದ ಹೊರಬಂದ ಹಿರಿಯರು ಅಕ್ಕನ ಕೈಹಿಡಿದುಕೊಂಡು, “ನನಗೋಸ್ಕರ ಎಲ್ಲರ ದನೀನೂ ಇಳಿಸಿಬಿಟ್ಟೆಯಲ್ಲಮ್ಮಾ” ಎಂದಾಗ ನಮ್ಮ ಕಣ್ಣುಗಳು ತುಂಬಿಬಂದವು.

ಮುಂದೆಯೂ ಆ ಹಿರಿಯರಿಗಾಗಿ ಅಕ್ಕ ಪಾತ್ರಗಳನ್ನು ಬರೆದರು. ಆ ಗಂಟಲಿಗೆ ಮಾತಿನ ಅಭ್ಯಾಸ ನಿಧಾನವಾಗಿ ಆಗಬೇಕಿತ್ತು, ಅದಕ್ಕೆ ಹಸ್ತಪ್ರತಿ ದಿನಗಳ ಮೊದಲೇ ಬೇಕಿತ್ತು. ಅವರು ತೀರಿಕೊಳ್ಳುವವರೆಗೆ, ಅವರ ಪಾತ್ರವಿದ್ದ ಹಸ್ತಪ್ರತಿ ಒಂದೂ ತಡವಾಗಲಿಲ್ಲ. ಬೇಕೆಂದರೆ ಅಕ್ಕ ಬೇಗ ಬರೆಯಬಲ್ಲರೆಂದು ನಮಗೆ ಆಗ ತಿಳಿಯಿತು. ಆದರೂ ಮಿಕ್ಕ ನಾಟಕಗಳಿಗೆ ಅವಸರಪಡಿಸುವ ಮನಸ್ಸು ಯಾರಿಗೂ ಬರಲಿಲ್ಲ. ಅಕ್ಕ ಆರೋಗ್ಯದಿಂದ ನೂರ್ಕಾಲ ಬಾಳಲಿ, ಇನ್ನೂ ಬರೆಯಲಿ, ಕಾಯಲು ನಾವಿದ್ದೇವೆ.