ದೂರು ಕೊಡಲು ಹೋದ ತಂಗಿಯ ಫೋನು

ಗೆಳೆಯರೇ, ಯಾರೋ ನನ್ನ ತಂಗಿಯ ಫೋಟೊ ಹಾಕಿ, ಅಂತರ್ಜಾಲದಲ್ಲಿ ನಕಲಿ ಖಾತೆ ತೆರೆದು ಅಸಹ್ಯ ಬರೆದಿದ್ದಾರೆ. ದೂರು ಕೊಡಲು ಇವತ್ತು ಬೀಳಗಿಯಿಂದ ಬಸ್ ಹಿಡಿದು ಇಬ್ಬರೂ ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ ಹೋದೆವು.

“ಫೋನ್ ಕೊಡ್ರಿ, ಪಾಸ್‌ವರ್ಡ್ ಹೇಳ್ರಿ, ತನಿಖಿ ಮಾಡಬೇಕು” ಎಂದರು ಸಾಹೇಬರು. ತಂಗಿ ಕೊಟ್ಟಳು. ಅವರು ನೇರವಾಗಿ ಅವಳ ಗಂಡನ ಸಂದೇಶಗಳನ್ನು ತೆರೆದು, ಪಕ್ಕದ ಪೇದೆಗೆ ಕೇಳುವಂತೆ ಓದತೊಡಗಿದರು! ಪೇದೆ ನಕ್ಕ.

ತಂಗಿ ಫೋನ್ ಕಸಿದುಕೊಂಡಳು. “ಕಳ್ಳನ್ನ ಹುಡುಕ್ರಿ ಅಂದ್ರ ನನ್ನ ಸಂಸಾರ ಓದಾಕತ್ತೀರೇನ್ರಿ?”

“ನಮಗ ಅಧಿಕಾರ ಐತ್ರೀ ಅಕ್ಕಾರ. ಎಲ್ಲಾ ನಿಮ್ಮ ಸುರಕ್ಷತೆಗೇ.”

ಹಟ ಹಿಡಿದು ದೂರು ಬರೆಸಿಯೇ ಹೊರಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಬಿಕ್ಕಿ ಅತ್ತಳು.

ಕಾಪಾಡುವವರಿಂದ ನಮ್ಮನ್ನು ಕಾಪಾಡುವುದು ಸೈಬರ್ ಕಾಯ್ದೆಯ ಯಾವ ಕಲಮಿನಲ್ಲಿದೆಯೋ, ಗೊತ್ತಿದ್ದವರು ತಿಳಿಸಿ.