ಖಾಜಾಸಾಬನ ಜೋಡಿ ನಡಿಗೆ

ನಿಜಾಮನ ಕಾಲದಲ್ಲಿ ಮಸ್ಕಿ ಹಳ್ಳದ ದಂಡೆಯ ಪಿಂಜಾರ ಓಣಿಯಲ್ಲಿ ಖಾಜಾಸಾಬ್ ಎಂಬವನಿದ್ದ. ಹೋರಿ ಪಳಗಿಸುವುದು ಅವನ ಕಸುಬು. ಹೊಸ ಹೋರಿಯನ್ನು ಮುದಿ ಎತ್ತಿನ ಜೊತೆ ನೊಗಕ್ಕೆ ಹೂಡುವನು. ಮುದಿಯದು ಹೆಜ್ಜೆ ಇಟ್ಟರೆ ಹೊಸದೂ ಇಡಲೇಬೇಕು. ಈ ವಿದ್ಯೆಯನ್ನೇ ಅವನು ಲಕ್ವಾ ಹೊಡೆದ ಮನುಷ್ಯರಿಗೂ ಹಚ್ಚಿದ.

ಆಗ ನಮ್ಮ ಕಡೆ ಲಕ್ವಾ ಹೊಡೆದವರನ್ನು ಗಾಳಿ ಸೋಕದ ಕತ್ತಲೆ ಕೋಣೆಗೆ ಹಾಕಿ, ಪಾರಿವಾಳದ ರಕ್ತ ತಿಕ್ಕಿ, ಕಂಬಳಿ ಹೊದಿಸಿಬಿಡುತ್ತಿದ್ದರು. ಮಲಗಿದವನು ಮಲಗಿದಲ್ಲೇ ಒಣಗಿದ ಸೋರೆಬಳ್ಳಿಯಾಗುತ್ತಿದ್ದ. ಖಾಜಾಸಾಬ್ ಅಂಥವರನ್ನು ಎಬ್ಬಿಸಿ ಉತ್ತ ಎರೆಹೊಲಕ್ಕೆ ತರುವನು. ಸತ್ತ ಕಾಲಿನ ಕಡೆ ತಾನು ನಿಂತು, ಇಬ್ಬರ ಸೊಂಟಕ್ಕೂ ಸೇರಿಸಿ ಶಲ್ಯ ಬಿಗಿದು, ತನ್ನ ಮೊಣಕಾಲಿನಿಂದ ಆ ಕಾಲನ್ನು ಮುಂದಕ್ಕೆ ದೂಡುವನು.

ಸಾಲಗುಂದದ ದೊಡ್ಡಬಸಪ್ಪಗೌಡರು ಬಂದಾಗ, ಖಾಜಾಸಾಬನ ಪಕ್ಕದ ಮನೆಯವನಾದ ನಾನು ಬದುವಿನ ಮೇಲೆ ಕುಳಿತಿದ್ದೆ.

“ಏನಲೇ ಸಾಬ, ನನ್ನೇನು ಹೋರಿ ಅಂತ ತಿಳ್ಕೊಂಡೀ?” ಗೌಡರು ಗುಡುಗಿದರು.

“ಹೋರಿ ಆಗಿದ್ರ ಇಷ್ಟೊತ್ತಿಗೆ ಹೊಲಾನೇ ಬಿತ್ತಿರತಿತ್ರೀ ಗೌಡ್ರ. ಕಾಲೆತ್ರಿ.”

ಎತ್ತಿಗೊಂದು ಚಟವಿದೆ. ಬಲಕ್ಕೆ ಹೂಡಿ ಕಲಿಸಿದ್ದು ಎಡಕ್ಕೆ ಹೂಡಿದರೆ ಹೆಜ್ಜೆ ಕೀಳದು. ಪಕ್ಕದ ಜೋಡಿ ಎತ್ತು ಬದಲಾದರೂ ಕೀಳದು. ಮನುಷ್ಯನಿಗೆ ಆ ಚಟ ಹತ್ತಬಾರದೆಂದು ಖಾಜಾಸಾಬನ ಹಟ. ಕಾಲಿಗೆ ಕಸುವು ಬಂತೆನಿಸಿದ ದಿನ, ಹೇಳದೆ ಕೇಳದೆ ಶಲ್ಯ ಬಿಚ್ಚಿ ಹಿಂದೆ ಸರಿಯುವನು. ಗೌಡರೂ ಹಾಗೆಯೇ ಹೆಂಟೆಗಳ ಮೇಲೆ ದೊಪ್ಪನೆ ಬಿದ್ದರು. ಅವನ ಏಳು ತಲೆಮಾರನ್ನು ಬೈಯುತ್ತ, ಬೈಯುತ್ತಲೇ ತಾವಾಗಿ ಎದ್ದರು. “ಬೀಳಲಾರದಾಂವ ನಡಿಯಾಂಗಿಲ್ರೀ” ಎಂದ ಖಾಜಾಸಾಬ್. ಗೌಡರು ಕೋಲೂರಿ ತಮ್ಮ ಬಂಡಿಯವರೆಗೆ ಒಬ್ಬರೇ ನಡೆದರು.

ಮಕ್ಕಳಿಲ್ಲದ ಮನೆ ಅವನದು. ಒಂದು ಮುಂಜಾನೆ ಅವನ ಹೆಂಡತಿ ಮಾಸುಂಬಿ ರೊಟ್ಟಿ ತಟ್ಟುತ್ತ ಒಲೆಯ ಮುಂದೆ ವಾಲಿಬಿದ್ದಳು. ಎಡಭಾಗ ಪೂರಾ ಸತ್ತಿತ್ತು.

“ನಡೀ, ಹೊಲಕ್ಕ ಹೋಗೂನು” ಎಂದ.

“ಊರೆಲ್ಲಾ ನೋಡೋವಾಗ ನಿನ್ನ ಸೊಂಟಕ್ಕ ಕಟಗೊಂಡು ನಡೀಲೇನು? ಸತ್ರೂ ಒಲ್ಲೆ.”

“ನಿಕಾ ಆದಾಗಿಂದ ಕಟಗೊಂಡೇ ನಡದೀವಲ್ಲಬೇ.”

“ಆವಾಗ ನೀ ಹಿಂಗ ನಾರತಿದ್ದಿಲ್ಲ.”

ಹೊಲಕ್ಕೆ ಬರಲೇ ಇಲ್ಲ. ಕದ ಮುಂದೆ ಮಾಡಿಕೊಂಡು ಒಲೆಯಿಂದ ಹೊಸ್ತಿಲವರೆಗೆ ಮನೆಯೊಳಗೇ ಕಲಿತಳು. ಎಡಕ್ಕೆ ಅವನು, ಬಲಕ್ಕೆ ಅವಳು. ಜಗಳದ ಜೊತೆ ನಗುವೂ ನಮ್ಮ ಗೋಡೆ ದಾಟಿ ಕೇಳುತ್ತಿತ್ತು. ನಡಿಗೆ ಕೂಡಿತು. ಬಿಡುವ ಹೊತ್ತು ಬಂತು.

“ಶಲ್ಯಾ ಬಿಚ್ಚೋದಿಲ್ಲೇನೋ?” ನಾನೇ ಕೇಳಿದೆ.

“ಮನ್ಯಾಗ ಕೆಳಗ ಬಂಡೆಗಲ್ಲು ಐತಿ. ಬಿದ್ರ ತಲಿ ಒಡದೀತು. ನಾಳೆ ಮಣ್ಣು ಹಾಸ್ತೀನಿ.”

ಆ ನಾಳೆ ಬರಲಿಲ್ಲ. ಒಮ್ಮೆ ಮಾತ್ರ ಗಂಟು ಸಡಿಲಿಸಿ ಸರಿದನಂತೆ. ಮಾಸುಂಬಿ ನಿಂತಲ್ಲೇ ನಡುಗಿ, ಎಡಕ್ಕೆ ತಿರುಗಿ “ಎಲ್ಲಿ ಹೋದೆ?” ಎಂದಳಂತೆ. ಓಡಿ ಬಂದು ಹಿಡಿದುಕೊಂಡ. ಅಷ್ಟೆ. ಗೌಡರನ್ನು ಕೆಡವಿದ ಗಂಡಸಿಗೆ ಹೆಂಡತಿ ಬೀಳುವುದನ್ನು ನೋಡುವ ಎದೆ ಇರಲಿಲ್ಲ. ಅವಳಿಗೆ ಎತ್ತಿನ ಚಟ ಹತ್ತಿತು; ಅವನಿಗೂ ಹತ್ತಿತೆಂದು ನನ್ನ ಎಣಿಕೆ.

ಮರುವರ್ಷದ ಮಳೆಗಾಲಕ್ಕೆ ಚಳಿಜ್ವರ ಬಂದು ಖಾಜಾಸಾಬ್ ತೀರಿಕೊಂಡ. ಹೆಣ ಎತ್ತುವ ಹೊತ್ತಿಗೆ ಒಲೆಯ ಹತ್ತಿರ ಕೂತಿದ್ದ ಮಾಸುಂಬಿ ಗೋಡೆ ಹಿಡಿದು ಎದ್ದಳು.

“ಬಾಗಲತನಕ ನಾ ನಡದು ಬರ್ತೀನಿ. ನನಗ ನಡಿಯಾಕ ಕಲಿಸ್ಯಾನ.”

ಓಣಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಅವಳ ಎಡಕ್ಕೆ ಹೆಗಲು ಕೊಟ್ಟರು. ಕಾಲು ಒಪ್ಪಲಿಲ್ಲ. ಹೆಣ ಹೊತ್ತವರಲ್ಲಿ ನಾನೂ ಒಬ್ಬ. ಹೊಸ್ತಿಲ ಹೊರಗೆ ಭುಜ ಬದಲಿಸಿ ಬದಲಿಸಿ ಕಾದೆವು. ಅವಳ ಬಲಗಾಲು ಒಂದು ಹೆಜ್ಜೆ ಮುಂದಿಟ್ಟಿತು. ಎಡಗಾಲು ಇದ್ದಲ್ಲೇ ಉಳಿಯಿತು.

ಬಹಳ ಹೊತ್ತು ಆ ಕಾಲನ್ನೇ ನೋಡಿ, “ಒಯ್ರಿ” ಎಂದಳು.