ಸೂರತ್ತಿನಲ್ಲಿ ಇಳಿದು ಮತ್ತೆ ಹತ್ತಿದ್ದು

ಶುಕ್ರವಾರ ಸಂಜೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದಾಗ ನಮ್ಮ ಜೊತೆ ಎರಡು ಚೀಲ, ಒಂದು ಡಬ್ಬಿ ಕರದಂಟು, ಒಂದು ಗಂಟು ಕಟಕ ರೊಟ್ಟಿ ಮತ್ತು ನಮ್ಮ ಯಜಮಾನರ ನೇಮ ಇದ್ದವು. ರವಿವಾರ ಕರ್ತನ ದಿನ. ಅಂದು ಪ್ರಯಾಣವಿಲ್ಲ, ಏನನ್ನೂ ಕೊಳ್ಳುವಂತಿಲ್ಲ, ಶನಿವಾರದ ಸಾರನ್ನೇ ಬಿಸಿ ಮಾಡಿ ಉಣ್ಣಬೇಕು. ಬೆಟಗೇರಿಯ ನಮ್ಮ ಕ್ರೈಸ್ತ ಸಭೆಗೆ ಹಿರಿಯರಾದ ಇವರು ಮದುವೆಯಾದಾಗಿನಿಂದ ಇದನ್ನು ಒಮ್ಮೆಯೂ ತಪ್ಪಿಸಿಲ್ಲ. ನಾನು ಗೊಣಗುವುದನ್ನೂ ತಪ್ಪಿಸಿಲ್ಲ.

ಹೊರಟದ್ದು ಅಹಮದಾಬಾದಿಗೆ. ಬ್ಯಾಂಕಿನಲ್ಲಿರುವ ಮಗನಿಗೆ ಅಲ್ಲಿಗೆ ವರ್ಗವಾಗಿ ಕೆಲವು ವರ್ಷಗಳಾದವು; ಮನೆ ಮಣಿನಗರದಲ್ಲಿ. ರವಿವಾರ ಹತ್ತೂವರೆಗೆ ಮೊಮ್ಮಗಳು ಲೀನಾಳ ದೃಢೀಕರಣ. ಮಗುವಾಗಿದ್ದಾಗ ಅಪ್ಪ ಅಮ್ಮ ಅವಳ ಪರವಾಗಿ ಹೇಳಿದ ವಿಶ್ವಾಸವನ್ನು ಇನ್ನು ಅವಳೇ ಸಭೆಯ ಮುಂದೆ ನಿಂತು ಹೇಳಬೇಕು. ಅದಕ್ಕೆ ಅವಳನ್ನು ಸಿದ್ಧಪಡಿಸಿದವರು ಅಜ್ಜ. ದಿನಾ ಸಂಜೆ ಫೋನಿನಲ್ಲಿ ಪಾಠ ನಡೆಯುತ್ತಿತ್ತು. ಅವಳ ಕನ್ನಡ ಅರ್ಧ ಹಿಂದಿ, ಇವರ ಹಿಂದಿ ಪೂರಾ ಕನ್ನಡ.

ಶನಿವಾರ ಸಂಜೆ ಮಣಿನಗರ ಸೇರಬೇಕಿತ್ತು. ವಾಪಿ ದಾಟಿದ ಮೇಲೆ ಹಿಡಿದ ಮಳೆ ಬಿಡಲಿಲ್ಲ. ಸೂರತ್ತಿನಲ್ಲಿ ರೈಲು ನಿಂತೇಬಿಟ್ಟಿತು. ಮುಂದೆ ಹಳಿಯ ಮೇಲೆ ನೀರು ಬಂದಿದೆ, ಬೆಳಗಿನ ಐದರವರೆಗೆ ಗಾಡಿ ಕದಲುವುದಿಲ್ಲ ಎಂದರು. ಉಳಿದವರು ಬರ್ತಿನ ಮೇಲೆ ಕಾಲು ಚಾಚಿದರು. ಇವರು ಸೀಟಿನ ಕೆಳಗಿನ ಚೀಲ ಎಳೆದರು.

"ಬೆಳಗಾದ್ರ ರವಿವಾರ. ಇಲ್ಲೇ ಇಳಿಯೂಣು. ಸೋಮವಾರ ಬ್ಯಾರೆ ಗಾಡಿ ಹಿಡಿದ್ರಾತು."

"ಮತ್ತ ಲೀನಾ?"

"ಆಕಿಗೆ ತಿಳೀತದ. ನಾನಽ ಕಲಿಸೇನಿ."

ನನಗೆ ಮೈಯೆಲ್ಲ ಉರಿಯಿತು. "ನಿಂತ ಗಾಡ್ಯಾಗ ಮಲಗಿದವರನ್ನ ದೇವರು ಎಬ್ಬಿಸಿ ಟಿಕೆಟ್ ಕೇಳ್ತಾನೇನ್ರಿ?" ಎಂದೆ. ಅವರು ಆಗಲೇ ಪ್ಲಾಟ್‌ಫಾರ್ಮಿನ ಮೇಲಿದ್ದರು. ಬಿಟ್ಟು ಹೋಗುವುದೆಂತು, ನಾನೂ ಇಳಿದೆ. ಇನ್ನೂ ಶನಿವಾರವೇ ಇದ್ದುದರಿಂದ ಹೊರಗೆ ಹೋಗಿ ಲೋಚೊ ಕೊಂಡು ತಂದರು. ಕಡಲೆಬೇಳೆ ರುಬ್ಬಿ ಹಬೆಯಲ್ಲಿ ಬೇಯಿಸಿದ ಮೆತ್ತಗಿನ ತಿಂಡಿ ಅದು. ಮೇಲೆ ಎಣ್ಣೆ, ಸೇವು, ಹಸಿ ಈರುಳ್ಳಿ. ಸಿಟ್ಟಿನಲ್ಲಿದ್ದರೂ ನಾನು ಎರಡು ಪ್ಲೇಟು ತಿಂದೆ.

ವೇಟಿಂಗ್ ರೂಮಿನಲ್ಲಿ ಕುಳಿತಿರುವಾಗ ಲೀನಾಳ ಫೋನು ಬಂತು. ನಾವು ಇಳಿದದ್ದು ಅವಳಿಗೆ ಗೊತ್ತಿರಲಿಲ್ಲ. ಇವರು ಸ್ಪೀಕರಿಗೆ ಹಾಕಿದರು.

"ಅಜ್ಜಾ, ಲಾಸ್ಟ್ ಟೈಮ್ ಕೇಳಿಸ್ಕೋರಿ. ಬಿಷಪ್ ಗುಜರಾತಿಯಲ್ಲಿ ಕೇಳ್ತಾರ, ನಾನು ಕನ್ನಡದಲ್ಲಿ ಹೇಳ್ತೀನಿ. ಪರ್ಮಿಶನ್ ತಗೊಂಡೀನಿ."

"ಹೇಳವಾ."

ಅವಳು ಒಂದೊಂದೇ ಮಾತು ಜೋಡಿಸಿ ಹೇಳಿದಳು. "ನಾನು ಸಣ್ಣಾಕಿ ಇದ್ದಾಗ ರಸ್ತೆ ದಾಟಲಿಕ್ಕೆ ಅಜ್ಜ ಕೈ ಹಿಡಿದಿದ್ರು. ನೇಮ ಅಂದ್ರೆ ಆ ಕೈ. ಈಗ ನಾನು ದೊಡ್ಡಾಕಿ ಆಗೀನಿ. ಯೇಸುವನ್ನ ನಂಬೀನಿ. ಇನ್ನು ಹೆದರಿ ನಡೆಯೂದಿಲ್ಲ, ಪ್ರೀತಿಯಿಂದ ನಡೀತೀನಿ." ಆಮೇಲೆ ಕೇಳಿದಳು, "ಸರಿ ಅದೇನು? ನೀವು ಫ್ರಂಟ್‌ನಲ್ಲಿ ಕೂಡ್ರಿ. ಅಲ್ಲಿ ಬೇರೆ ಯಾರಿಗೂ ಇದು ಅರ್ಥ ಆಗೂದಿಲ್ಲ."

"ಸರಿ ಅದ," ಎಂದು ಫೋನು ಇಟ್ಟರು. ತಮ್ಮ ಅಂಗೈಯನ್ನೇ ನೋಡುತ್ತ ಕುಳಿತರು.

"ಕಲಿಸೂದು ಸಸಾರ," ಎಂದರು ಕೊನೆಗೆ. "ರವಿವಾರ ಗಾಡಿ ಹತ್ತಿದ್ರ ಏನರೆ ಕೆಟ್ಟದ್ದಾಗ್ತದಂತ ನನಗ ಇನ್ನೂ ಹೆದರಿಕಿ ಅದ ನೋಡು. ಈ ವಯಸ್ಸಿನಾಗ."

ಐದಕ್ಕೆ ಮುಂಚೆ ಚೀಲಗಳನ್ನು ಅವರೇ ಎತ್ತಿಕೊಂಡರು. ನಮ್ಮ ಬರ್ತುಗಳು ಖಾಲಿಯೇ ಇದ್ದವು. ನರ್ಮದೆ ದಾಟುವಾಗ ಕಣ್ಣು ಮುಚ್ಚಿ ಕುಳಿತಿದ್ದರು. ಪ್ರಾರ್ಥನೆಯೋ ಭಯವೋ ನಾನು ಕೇಳಲಿಲ್ಲ. ವಡೋದರಾದಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಇವರು ಕಿಟಕಿಯಿಂದ ಕೈ ಚಾಚಿ ಎರಡು ಚಹಾ ಕೊಂಡರು. ನಾನು ಬಾಯಿ ತೆರೆದು ನೋಡಿದೆ.

"ಸಕ್ಕರಿ ಭಾಳ ಹಾಕ್ಯಾರ," ಎಂದು ಪೂರ್ತಿ ಕುಡಿದರು.

ನಾವು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವುದಕ್ಕೂ ಲೀನಾಳ ಹೆಸರು ಕರೆಯುವುದಕ್ಕೂ ಸರಿಹೋಯಿತು. ಅಜ್ಜನನ್ನು ಕಂಡು ನಕ್ಕು ಶುರುಮಾಡಿದಳು. 'ಹೆದರಿ' ಎನ್ನುವಲ್ಲಿಗೆ ಬಂದು ಮಾತು ಮರೆತು ನಿಂತಳು. ಇವರ ತುಟಿ ಅಲುಗಿತು. ನಾನು ಹೇಳಿಕೊಡಿ ಎಂದು ತಿವಿದೆ. ಇವರು ಬಾಯಿ ಬಿಗಿಹಿಡಿದರು. ಸ್ವಲ್ಪ ತಡೆದು ಅವಳು, "ಡರ್ ಇಲ್ಲ, ಅಜ್ಜಾ," ಎಂದಳು. ಹೆದರಿಕೆಗೆ ಹಿಂದಿಯ ಮಾತು, ಪಾಠದಲ್ಲಿ ಇಲ್ಲದ್ದು. ಈ ಸಲ ಇಡೀ ಸಭೆಗೆ ಅರ್ಥವಾಯಿತು.

ಒಂದು ವಾರ ಇದ್ದೆವು. ವಾಪಸಾಗಲು ರವಿವಾರಕ್ಕೂ ಸೋಮವಾರಕ್ಕೂ ಟಿಕೆಟ್ ಇದೆಯೆಂದು ಮಗ ಹೇಳಿದ. ಇವರು ಸೋಮವಾರವೇ ಇರಲಿ ಎಂದರು. ನಾನು ಹುಬ್ಬು ಹಾರಿಸಿದೆ.

"ಹೆದರಿಕಿಗಲ್ಲ," ಎಂದರು. "ರವಿವಾರ ಆಕಿಗೆ ಸಾಲಿ ಇರೂದಿಲ್ಲ."

ಸೋಮವಾರ ಶಾಲೆ ಬಿಟ್ಟ ಮೇಲೆ ಲೀನಾ ಸ್ಟೇಷನ್ನಿನವರೆಗೆ ಬಂದಳು. ಮಣಿನಗರದ ಆ ರಸ್ತೆಯಲ್ಲಿ ಆಟೋ, ಬಸ್ಸು, ಸ್ಕೂಟರು ಒಂದೇ ಸಮ ನುಗ್ಗುತ್ತವೆ. ಇವರು ಅಂಚಿನಲ್ಲಿ ತಡವರಿಸಿ ನಿಂತರು. ಅವಳು ಬಂದು ಅಜ್ಜನ ಕೈ ಹಿಡಿದಳು. ಇವರು ಬೇಡ ಎನ್ನಲಿಲ್ಲ.